ಏಳು ರಾತ್ರಿಗಳ ತಾಂಬೂಲ

ಅವನ ಮುಖ ನನಗೆ ಗೊತ್ತಿಲ್ಲ. ದ್ವೇಷಿಸುವುದಕ್ಕೆ ಒಂದು ಮುಖವಾದರೂ ಬೇಕು. ನನ್ನ ಹತ್ತಿರ ಇರುವುದು ಅಕ್ಕ ಹೇಳಿದ ಮುಖ ಒಂದು, ಭಾವ ಹೇಳಿದ ಮುಖ ಇನ್ನೊಂದು. ಅಕ್ಕನ ಪ್ರಕಾರ ಅವನು ತೆಳ್ಳಗೆ ಬೆಳ್ಳಗಿದ್ದ, ಹಣೆಯಲ್ಲಿ ಸಣ್ಣ ಕುಂಕುಮವಿಟ್ಟುಕೊಂಡಿದ್ದ ಹುಡುಗ. ಭಾವನ ಪ್ರಕಾರ ದಪ್ಪ ಕುತ್ತಿಗೆಯವನು, ಟೈ ಬಿಗಿಯಾಗಿ ಉಸಿರು ಸಿಕ್ಕಿಹಾಕಿಕೊಂಡವನ ಹಾಗೆ ಮಾತಾಡುತ್ತಿದ್ದ. ಇಬ್ಬರೂ ಒಂದೇ ಮೇಜಿನ ಮುಂದೆ, ಒಂದೇ ಮಧ್ಯಾಹ್ನ ಕೂತಿದ್ದವರು. ಯಾರನ್ನು ನಂಬಲಿ? ಎರಡು ಮುಖಗಳನ್ನೂ ಇಟ್ಟುಕೊಂಡಿದ್ದೇನೆ. ಒಂದರ ಮೇಲಿನ ಸಿಟ್ಟು ಆರಿದರೆ ಇನ್ನೊಂದಿರುತ್ತದೆ.

ಅಕ್ಕ ಭಾವ ಇರುವುದು ಜಡಿಗೇನಹಳ್ಳಿ ಕಡೆ. ಹಿಪ್ಪುನೇರಳೆ, ಸ್ವಲ್ಪ ಗುಲಾಬಿ, ಎರಡು ಸೀಮೆಹಸು. ನಾನು ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಭಾನುವಾರ ಹೆಂಡತಿಯ ಜೊತೆ ಅಕ್ಕನ ಮನೆಯ ಊಟಕ್ಕೆ ಹೋಗುವವನು. ಇದೆಲ್ಲ ಶುರುವಾದದ್ದು ಹೊಸಕೋಟೆಯ ಒಂದು ಸೀರೆ ಅಂಗಡಿಯಲ್ಲಿ, ಗಲ್ಲಾದ ಪಕ್ಕದಲ್ಲಿಟ್ಟಿದ್ದ ಗಾಜಿನ ಡಬ್ಬಿಯಿಂದ. ಹೆಸರು, ಫೋನ್ ನಂಬರು, ಗಂಡನ ಕೆಲಸ, ಮನೆಯಲ್ಲಿ ಕಾರಿದೆಯೇ ಇಲ್ಲವೇ ಎಂದು ಚೀಟಿಯಲ್ಲಿ ಬರೆದು ಹಾಕಿದರೆ ಲಕ್ಕಿ ಡ್ರಾ. ಬಹುಮಾನ ಕೊಡುವವನಿಗೆ ಕಾರಿನ ಸುದ್ದಿ ಯಾಕೆ ಬೇಕು ಎಂದು ಅಕ್ಕ ಯೋಚಿಸಲಿಲ್ಲ. ಬರೆದು ಹಾಕಿ ಸೀರೆ ತಗೊಂಡು ಬಂದಳು.

ಸ್ವಲ್ಪ ದಿನದ ಮೇಲೆ ಒಬ್ಬ ಹುಡುಗಿಯ ಫೋನು.

"ಮೇಡಂ, ನೀವು ಲಕ್ಕಿ ಕಪಲ್! ದೇವನಹಳ್ಳಿ ಹತ್ರ ಹೋಟ್ಲಲ್ಲಿ ಗಿಫ್ಟ್ ಕೊಡ್ತೀವಿ, ಲಂಚ್ ನಮ್ದೇ. ಸರ್ ಜೊತೇಲೇ ಬರ್ಬೇಕು, ಒಬ್ರೇ ಬಂದ್ರೆ ಗಿಫ್ಟ್ ಇಲ್ಲ. ಆಧಾರ್, ಎಟಿಎಂ ಕಾರ್ಡು ತನ್ನಿ."

"ಗಿಫ್ಟ್ ತಗಳಕ್ಕೆ ಎಟಿಎಂ ಕಾರ್ಡ್ ಯಾಕವ್ವಾ?"

"ಬರೀ ಫಾರ್ಮಾಲಿಟಿ ಮೇಡಂ."

ಈ ಪ್ರಶ್ನೆಯನ್ನು ಅಕ್ಕ ನಿಜವಾಗಿ ಕೇಳಿದಳೋ, ಆಮೇಲೆ ನಾನೇ ಅವಳ ಬಾಯಿಗೆ ಹಾಕಿದೆನೋ ಈಗ ಹೇಳಲಾರೆ. ಕೇಳಿದ್ದಳು ಎಂದೇ ಇಟ್ಟುಕೊಳ್ಳುತ್ತೇನೆ. ಕೇಳಿಯೂ ಹೋದಳು ಎಂದರೆ ಆ ಹುಡುಗಿಯ ಕಸುಬು ಎಂಥದ್ದೆಂದು ಗೊತ್ತಾಗುತ್ತದೆ.

ಹೋಟೆಲಿನ ದೊಡ್ಡ ಹಾಲ್. ಎಲ್ಲ ಮೇಜಿನಲ್ಲೂ ಒಂದು ಗಂಡಹೆಂಡತಿ, ಅವರೆದುರು ಒಬ್ಬ ಟೈ. ಕಿವಿ ಒಡೆಯುವಂಥ ಹಾಡು. ಎಲ್ಲೋ ಒಂದು ಮೇಜಿನಲ್ಲಿ ಸಹಿ ಬಿತ್ತೆಂದರೆ ಬಲೂನು ಒಡೆಯುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟಬೇಕಿತ್ತು. ಅಕ್ಕನೂ ತಟ್ಟಿದಳಂತೆ. "ಯಾರ್ಗೋ ಮಗು ಆಯ್ತೇನೋ ಅಂದ್ಕಂಡೆ" ಅಂದಳು.

ಅವನು ಕೇಳಿದ್ದು ಪ್ರವಾಸದ ವಿಷಯ. ವರ್ಷಕ್ಕೆ ಎಷ್ಟು ಸಲ ಹೊರಗೆ ಹೋಗುತ್ತೀರಿ, ರೂಮಿಗೆ ಎಷ್ಟು ಕೊಡುತ್ತೀರಿ. ಭಾವ ಧರ್ಮಸ್ಥಳದ ಛತ್ರದ ಬಾಡಿಗೆ ಹೇಳಿದರು. ಅವನು ನಗಲಿಲ್ಲ. ಅದಕ್ಕೊಂದು ಸೊನ್ನೆ ಸೇರಿಸಿಕೊಂಡು, ಇಪ್ಪತ್ತೈದು ವರ್ಷಕ್ಕೆ ಗುಣಿಸಿ, ಬೆಲೆ ಏರಿಕೆ ಕೂಡಿಸಿ, ಕಾಗದವನ್ನು ಅಕ್ಕನ ಕಡೆಗೆ ತಿರುಗಿಸಿದ. ಅಷ್ಟು ದುಡ್ಡು ನೀವು ಹೇಗೂ ಖರ್ಚು ಮಾಡುವವರೇ. ಅದರ ಬದಲು ನಮ್ಮ ಕ್ಲಬ್ಬಿಗೆ ಈಗ ಒಂದೇ ಸಲ ಕಟ್ಟಿ, ಪ್ರತಿ ವರ್ಷ ಏಳು ರಾತ್ರಿ ಬೆಟ್ಟ, ಸಮುದ್ರ, ಎಲ್ಲಿ ಬೇಕಾದರೂ ನಮ್ಮ ರೆಸಾರ್ಟಿನಲ್ಲಿರಿ, ನಿಮ್ಮ ಮಕ್ಕಳೂ ಇರಲಿ. ಭಾವ ಗಟ್ಟಿ ಆಸಾಮಿ. "ಮನೇಗೋಗಿ ಯೋಚ್ನೆ ಮಾಡಿ ಹೇಳ್ತೀವಪ್ಪಾ" ಅಂದರು. ಈ ರೇಟು ಇವತ್ತಿಗೆ ಮಾತ್ರ ಅಂದ. ಕಾಗದ ಕೊಡು, ಮನೇಲಿ ತೋರಿಸ್ತೀನಿ ಅಂದರು. ಕಾಗದ ಹೊರಗೆ ಕೊಡುವ ಹಾಗಿಲ್ಲ ಅಂದ. ಮ್ಯಾನೇಜರ್ ಬಂದು ರೇಟು ಇಳಿಸಿದ, ಮತ್ತೆ ಇಳಿಸಿದ. ಭಾವ ಜಗ್ಗಲಿಲ್ಲ. ಊಟವಾಗಿತ್ತು, ಎದ್ದು ಬಿಡುತ್ತಿದ್ದರು.

ಆಗ ತಟ್ಟೆ ಬಂತು.

ರೇಷ್ಮೆ ಸೀರೆ ಉಟ್ಟ, ಮುಡಿ ತುಂಬ ಮಲ್ಲಿಗೆ ಮುಡಿದ ಒಬ್ಬ ಹೆಂಗಸು ಹಿತ್ತಾಳೆ ತಟ್ಟೆ ಹಿಡಿದು ಬಂದಳು. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಜುಟ್ಟಿದ್ದ ತೆಂಗಿನಕಾಯಿ, ಕುಪ್ಪಸದ ಬಟ್ಟೆ. ಅಕ್ಕನಿಗೆ ಅರಿಶಿನ ಕುಂಕುಮ ಹಚ್ಚಿದಳು. "ತವರುಮನೆಯೋರು ಕೊಟ್ಟಂಗೆ ಅಂದ್ಕಂಡು ತಗಳಿ ಅಕ್ಕ" ಅಂದಳು. ಅಕ್ಕ ಸೆರಗೊಡ್ಡಿದಳು.

ಬೇರೆ ಊರಿನವರಿಗೆ ಇದು ಒಂದು ಕಾಯಿ, ನಾಲ್ಕು ಎಲೆ. ನಮ್ಮ ಕಡೆ ಮಾತು ಮುಗಿಯುವುದೇ ಅಲ್ಲಿ. ಹೆಣ್ಣು ಕೊಡುವ ಮಾತಾಗಲಿ, ಜಮೀನು ಪಾಲಿನ ಮಾತಾಗಲಿ, ಎಲೆ ಅಡಿಕೆ ಕೈ ಬದಲಿಸುವವರೆಗೆ ಎಷ್ಟು ಬೇಕಾದರೂ ಜಗಳವಾಡಬಹುದು. ಬದಲಿಸಿದ ಮೇಲೆ ತುಟಿ ಬಿಚ್ಚುವಂತಿಲ್ಲ. ಅದರಲ್ಲೂ ನಮ್ಮ ಅಕ್ಕ. ನಮ್ಮ ವಂಶದಲ್ಲಿ ಯಾರ ಮನೆಯ ವೀಳ್ಯಶಾಸ್ತ್ರವಾದರೂ ತಟ್ಟೆ ಹಿಡಿಯುವವಳು ಅವಳೇ. ಅವಳ ಕೈಯಲ್ಲಿ ಬದಲಾದ ತಾಂಬೂಲ ಒಂದೂ ಮುರಿದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಒಂದೆರಡು ಮುರಿದಿರಬಹುದು, ಲೆಕ್ಕ ಇಟ್ಟವರು ಯಾರು. ಆದರೆ ಗಂಡಿನ ಕಡೆಯವರು ಮಾತು ಬದಲಿಸಲು ಬಂದಾಗ ಅವಳು ಹೊಸಿಲಲ್ಲಿ ಕೂತು ಎದ್ದೇಳದೆ ಅವರನ್ನು ವಾಪಸು ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಬೇರೆಯವರಿಗೆ ಅಷ್ಟು ಬಿಗಿ ಮಾಡಿದವಳು ತನಗೆ ಸಡಿಲ ಮಾಡಿಕೊಳ್ಳುವುದು ಹೇಗೆ?

"ನಾನೇನ್ ಮಾಡ್ಲಪ್ಪಾ" ಎಂದು ಭಾವ ಆಮೇಲೆ ನನ್ನೆದುರು ಕೈ ಹಿಸುಕಿಕೊಂಡರು. "ಅವ್ಳು ಸೆರಗಲ್ಲಿ ತಗಂಡ್ಬಿಟ್ಲು. ನಾನು ಬ್ಯಾಡ ಅಂದ್ರೆ ಅವಳ ಮರ್ವಾದೆ ಏನಾಗ್ಬೇಕು?" ಕಾರ್ಡು ಕೊಟ್ಟರು. ಬಲೂನು ಒಡೆಯಿತು. ಹೋದದ್ದು ಎಷ್ಟೆಂದು ಬರೆಯುವುದಿಲ್ಲ, ಅಕ್ಕ ಬೇಡ ಅಂದಿದ್ದಾಳೆ. ರಸ್ತೆ ಅಗಲ ಮಾಡುವಾಗ ಹೋದ ಜಮೀನಿನ ಪರಿಹಾರದಲ್ಲಿ ಉಳಿದಿದ್ದದ್ದೆಲ್ಲ ಎಂದರೆ ಸಾಕು.

ನನಗೆ ತಿಳಿದದ್ದು ಮುಂದಿನ ಭಾನುವಾರ, ಅವರೆಕಾಳು ಸಾರು ಉಂಡು ಕೈ ತೊಳೆದ ಮೇಲೆ. ಅಷ್ಟರಲ್ಲಿ ಅವರ ಒಪ್ಪಂದದ ಪ್ರತಿ ಕೊರಿಯರಿನಲ್ಲಿ ಬಂದಿತ್ತು. ಓದಿದೆ. ರೂಮು ಖಾಲಿ ಇದ್ದರೆ ಮಾತ್ರ. ಪ್ರತಿ ವರ್ಷ ನಿರ್ವಹಣಾ ಶುಲ್ಕ, ಹೋದರೂ ಹೋಗದಿದ್ದರೂ. ಬಾಯಲ್ಲಿ ಹೇಳಿದ ಯಾವ ಮಾತಿಗೂ ಕಂಪನಿ ಜವಾಬ್ದಾರಿಯಲ್ಲ ಎಂದು ಅವರೇ ಅಚ್ಚು ಹಾಕಿಸಿದ್ದರು. ಕೊನೆಯ ಪುಟದ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂತಿಷ್ಟು ದಿನದೊಳಗೆ ಬರೆದು ತಿಳಿಸಿದರೆ ರದ್ದು ಮಾಡಬಹುದು ಎಂದಿತ್ತು. ದಿನ ಇನ್ನೂ ಉಳಿದಿತ್ತು!

"ಅಕ್ಕ, ಈಗ್ಲೇ ಬರ್ದು ಕಳ್ಸೋಣ. ದುಡ್ಡು ಪೂರ್ತಿ ವಾಪಸ್ ಬರುತ್ತೆ."

"ಅದೆಂಗೋ ಆಗುತ್ತೆ? ತಾಂಬೂಲ ತಗಂಡಿದೀನಿ."

"ತಾಂಬೂಲಾನೂ ವಾಪಸ್ ಕೊಡು."

"ಕಾಯಿ ಒಡ್ದು ಸಾರಿಗೆ ಹಾಕ್ದೆ ಕಣೋ. ಈಗ ತಾನೇ ನೀನೂ ಉಂಡೆ."

"ಅಂಗಡೀಲಿ ಇನ್ನೊಂದು ಕಾಯಿ ತಂದ್ಕೊಡ್ತೀನಿ."

"ಲೇ, ತಾಂಬೂಲದ ಕಾಯಿಗೆ ಬದ್ಲಿ ಕಾಯಿ ಇಡಕ್ಕಾಗುತ್ತೇನೋ? ಓದ್ದೋನು ನೀನು, ಇಷ್ಟೂ ಗೊತ್ತಿಲ್ವಾ?"

ನಾನು ಕೂಗಾಡಿದೆ. ಭಾವ ಹಸುವಿಗೆ ನೀರು ಇಡುವ ನೆಪದಲ್ಲಿ ಹೊರಗೆ ಹೋದರು. ಅಕ್ಕ ಪಾತ್ರೆ ತೊಳೆಯತೊಡಗಿದಳು. ಆ ದಿನಗಳು ಹಾಗೇ ಮುಗಿದುಹೋದವು. ಆ ಹಿತ್ತಾಳೆ ತಟ್ಟೆಯನ್ನು ಯೋಚಿಸಿ ತಂದವನು ಯಾರೋ, ಅವನಿಗೆ ನಮ್ಮ ಒಳಮನೆ ಗೊತ್ತಿತ್ತು. ಟೈ ಕಟ್ಟಿದವನ ಮಾತಿಗೆ ಬಗ್ಗದವರು ಯಾವುದಕ್ಕೆ ಬಗ್ಗುತ್ತಾರೆ ಎಂದು ತಿಳಿದವನು ನಮ್ಮ ಪೈಕಿಯವನೇ ಇರಬೇಕು. ಪರವೂರಿನವನು ಮೋಸ ಮಾಡಿದರೆ ಬೈದು ಸುಮ್ಮನಾಗಬಹುದು. ಇವನಿಗೆ ಅವನ ತಾಯಿ ಅದೇ ಎಲೆ ಅಡಿಕೆ ಕೊಟ್ಟು ಹೆಣ್ಣು ತಂದಿದ್ದಾಳೆ. ಇದನ್ನು ನಾನು ಕ್ಷಮಿಸುವುದಿಲ್ಲ. ಕ್ಷಮಿಸಬೇಕೆಂಬ ಆಸೆಯೂ ಇಲ್ಲ.

ರೂಮು ಎಂದೂ ಖಾಲಿ ಇರಲಿಲ್ಲ. ದಸರಾ ರಜೆಗೆ ಕೇಳಿದರೆ ಫುಲ್ಲು, ಬೇಸಿಗೆಗೆ ಕೇಳಿದರೆ ಫುಲ್ಲು. ಆದರೆ ದುಡ್ಡಿಗಿಂತ ದೊಡ್ಡದು ಹೋದದ್ದು ಬೇರೆ ಕಡೆ. ಸಹಿ ಹಾಕಿದ ಗಲಾಟೆಯಲ್ಲಿ ಆ ಹುಡುಗ ಅಕ್ಕನ ಹತ್ತಿರ "ನಿಮ್ಮ ಕಡೆ ಒಳ್ಳೇ ಜನ ಇದ್ರೆ ನಂಬರ್ ಕೊಡಿ" ಎಂದು ಇಸಕೊಂಡಿದ್ದ. ಅದರಲ್ಲಿ ನಮ್ಮ ಚಿಕ್ಕಪ್ಪನ ಮಗನ ನಂಬರೂ ಇತ್ತು. ಅವನು ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕ್ಯಾಬ್ ಓಡಿಸುವವನು, ದಿನಾ ನೂರು ಥರದ ಜನರನ್ನು ನೋಡುವವನು, ಸುಲಭಕ್ಕೆ ಬೀಳುವವನಲ್ಲ. ಅವನಿಗೆ ಅವರು ಹೇಳಿದ್ದು ಒಂದೇ ಮಾತು: ನಿಮ್ಮಕ್ಕ ತಾಂಬೂಲ ತಗೊಂಡಿದ್ದಾರೆ. ಅವನೂ ಅವನ ಹೆಂಡತಿಯೂ ಹೋಗಿ ಸಹಿ ಹಾಕಿ ಬಂದರು.

ಆ ಬೇಸಿಗೆಯಲ್ಲಿ ನೆಲಮಂಗಲ ಹತ್ತಿರ ನಮ್ಮ ಸಂಬಂಧದ ಹುಡುಗಿಯ ವೀಳ್ಯಶಾಸ್ತ್ರ. ಅಕ್ಕ ಎಂದಿನಂತೆ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಮಖಾನದ ಅಂಚಿಗೆ ಬಂದು ಕೂತಳು. ಚಿಕ್ಕಪ್ಪನ ಸೊಸೆ, ಆ ಕ್ಯಾಬಿನವನ ಹೆಂಡತಿ, ಎಲ್ಲರ ಎದುರಿಗೆ ಅಂದಳು:

"ಅಕ್ಕನ ಕೈಗೆ ಬ್ಯಾಡ. ಅವ್ರು ಯಾರ್ ತಟ್ಟೆ ಕೊಟ್ರೂ ತಗಂಡ್ಬಿಡ್ತಾರೆ."

ಜನ ನಕ್ಕರು. ಅಕ್ಕನೂ ನಕ್ಕಳು. ತಟ್ಟೆ ಇನ್ನೊಬ್ಬಳ ಕೈಗೆ ಹೋಯಿತು. ಅಕ್ಕ ಎದ್ದು ಅಡುಗೆಯವರ ಹತ್ತಿರ ಹೋಗಿ ನಿಂತಳು. ಅವಳು ಅಲ್ಲಿ ಏನು ಮಾಡುತ್ತಿದ್ದಳೆಂದು ನೋಡಲು ನಾನು ಹೋಗಲಿಲ್ಲ. ಹೋದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಹೋಗಿ ಮಾತಾಡದೆ ಬಂದೆನಂತೆ. ಇರಬಹುದು. ನನಗೆ ನೆನಪಿರುವುದು ಆ ನಗು ಮಾತ್ರ. ಆ ವಂಚಕರಿಂದ ನನಗೆ ವಾಪಸು ಬೇಕಾದದ್ದು ದುಡ್ಡಲ್ಲ, ಜಮಖಾನದ ಅಂಚಿನಲ್ಲಿ ಅಕ್ಕ ಕೂರುತ್ತಿದ್ದ ಜಾಗ ಎಂದು ಆವತ್ತು ನನಗೆ ತಿಳಿಯಿತು.

ಆಮೇಲೆ ಭಾವನಿಗೆ ಬೇರೊಂದು ಫೋನು ಬಂತು. ಬೇರೆ ಕಂಪನಿಯಂತೆ. ನಿಮ್ಮ ಸದಸ್ಯತ್ವ ಕೊಳ್ಳಲು ಒಬ್ಬರು ಸಿದ್ಧರಿದ್ದಾರೆ, ಕಟ್ಟಿದ್ದಕ್ಕಿಂತ ಜಾಸ್ತಿ ಸಿಗುತ್ತದೆ, ಮೊದಲು ತೆರಿಗೆಯ ಬಾಬ್ತು ಸ್ವಲ್ಪ ಹಾಕಿ. ಭಾವ ಹಾಕಲು ಹೊರಟೇ ಬಿಟ್ಟಿದ್ದರು. ಬ್ಯಾಂಕಿನ ಬಾಗಿಲಲ್ಲಿ ಹಿಡಿದೆ. ನಿಮ್ಮದನ್ನು ಮಾರಿಕೊಡುವವನು ನಿಮ್ಮಿಂದಲೇ ಮೊದಲು ದುಡ್ಡು ಕೇಳಿದನೆಂದರೆ ಅವನು ಮಾರುತ್ತಿರುವುದು ನಿಮ್ಮನ್ನು. ಅವನಿಗೆ ಸದಸ್ಯತ್ವದ ಸಂಖ್ಯೆ ಗೊತ್ತಿತ್ತು, ಕಟ್ಟಿದ ಮೊತ್ತ ಗೊತ್ತಿತ್ತು. ಒಮ್ಮೆ ಬಿದ್ದವರ ಹೆಸರುಗಳನ್ನು ಇವರು ಕೈಯಿಂದ ಕೈಗೆ ಮಾರಿಕೊಳ್ಳುತ್ತಾರೆ. "ಅದೇ ಹುಡುಗನ ಗಂಟ್ಲು, ಆಣೆ ಮಾಡ್ತೀನಿ" ಅಂದರು ಭಾವ. "ಅಲ್ಲ" ಅಂದಳು ಅಕ್ಕ.

ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆವು. ಅದು ಅದರ ನಡಿಗೆಯಲ್ಲಿ ನಡೆಯುತ್ತಿದೆ. ನನಗೆ ಅಷ್ಟು ಸಾವಧಾನವಿರಲಿಲ್ಲ. ಹೊಸಕೋಟೆಯಲ್ಲಿ ಇನ್ನೊಂದು ಅಂಗಡಿಯಲ್ಲಿ ಅದೇ ಥರದ ಡಬ್ಬಿ ಕಂಡಾಗ ನನ್ನ, ಹೆಂಡತಿಯ ಹೆಸರು ಬರೆದು ಹಾಕಿದೆ. ಕಾರಿದೆ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಫೋನು ಬಂತು. "ನಮ್ಮನೇಲಿ ದುಡ್ಡಿನ ವ್ಯವಹಾರ ಎಲ್ಲ ಅಕ್ಕಂದೇ, ಕರ್ಕೊಂಡ್ ಬರ್ಲಾ?" ಅಂದೆ. "ಖಂಡಿತ ಕರ್ಕೊಂಡ್ಬನ್ನಿ ಸರ್!" ಅಂದಳು ಹುಡುಗಿ. ಕಂಪನಿಯ ಹೆಸರು ಬದಲಾಗಿತ್ತು, ಹೋಟೆಲೂ ಬದಲಾಗಿತ್ತು. ಹಾಡು ಬಲೂನು ಅವೇ.

ಆ ಮಧ್ಯಾಹ್ನವನ್ನು ನಾನು ಹಲವು ಸಲ ಬರೆದಿದ್ದೇನೆ. ಒಂದು ಸಲ ಅಕ್ಕ ಕುರ್ಚಿಯ ಮೇಲೆ ಹತ್ತಿ ನಿಂತು ಭಾಷಣ ಮಾಡಿದ ಹಾಗೆ ಬರೆದೆ. ಇನ್ನೊಂದು ಸಲ ನಾನೇ ಮ್ಯಾನೇಜರನ ಕೊರಳಪಟ್ಟಿ ಹಿಡಿದೆ. ಎರಡೂ ಸುಳ್ಳು, ಎರಡನ್ನೂ ಹರಿದು ಹಾಕಿದ್ದೇನೆ. ಹಿಡಿಯಬೇಕೆಂದು ಕೈ ಕಡಿಯುತ್ತಿದ್ದದ್ದು ಮಾತ್ರ ನಿಜ. ನಡೆದದ್ದು ಇಷ್ಟು, ನನ್ನ ಹೆಂಡತಿಯೂ ಒಪ್ಪುವಷ್ಟು.

ಅಕ್ಕ ಚೆನ್ನಾಗಿ ಊಟ ಮಾಡಿದಳು. ಎರಡು ಸಲ ಜಾಮೂನು ಹಾಕಿಸಿಕೊಂಡಳು. ನಮ್ಮ ಮೇಜಿನ ಹುಡುಗ ಗುಣಿಸುತ್ತಿದ್ದ. ಅವನು ತೆಳ್ಳಗೂ ಇರಲಿಲ್ಲ, ದಪ್ಪ ಕುತ್ತಿಗೆಯೂ ಇರಲಿಲ್ಲ, ಬೇರೆಯವನೇ. ಪಕ್ಕದ ಮೇಜಿನಲ್ಲಿ ದೊಡ್ಡಬಳ್ಳಾಪುರದ ಒಂದು ಜೋಡಿ; ಮಗ್ಗದವರೆಂದು ಮಾತಿನಲ್ಲಿ ಗೊತ್ತಾಗಿತ್ತು. ಗಂಡ ಬೇಡ ಬೇಡ ಎನ್ನುತ್ತಿದ್ದ. ತಟ್ಟೆ ಮೊದಲು ಅವರ ಕಡೆಗೆ ಬಂತು. ಅವನ ಹೆಂಡತಿ ಎದ್ದು ನಿಂತು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಒಡ್ಡಿದಳು. ಅಕ್ಕ ಎದ್ದು ಹೋಗಿ ನಡುವೆ ನಿಂತಳು. ದನಿ ಏರಿಸಲಿಲ್ಲ, ತಟ್ಟೆ ಹಿಡಿದವಳನ್ನು ಮಾತಾಡಿಸಿದಳು.

"ನಿಮ್ಮನೆ ಯಾವೂರವ್ವಾ?"

"ಯಾಕ್ ಮೇಡಂ?"

"ತಾಂಬೂಲ ಕೊಡ್ತಾ ಇದೀಯಲ್ಲ. ತಗಂಡೋಳು ತಿರುಗಿ ನಿಮ್ಮನೇಗೆ ಬಂದು ಕೊಡ್ಬೇಕಲ್ಲ. ನಿಮ್ ಹೊಸಿಲು ಎಲ್ಲೈತೆ ಹೇಳು."

"ಇದು... ಕಂಪ್ನಿ ಕಡೆಯಿಂದ ಮೇಡಂ."

"ಕಂಪ್ನಿಗೆ ಹೊಸಿಲು ಎಲ್ಲೈತೆ?"

ತಟ್ಟೆಯವಳು ಮ್ಯಾನೇಜರ್ ಕಡೆ ನೋಡಿದಳು. ಅವನು ಬೆಂಗಳೂರಿನ ಯಾವುದೋ ರಸ್ತೆಯ ಹೆಸರು ಹೇಳಿದ.

"ಹೋದ ಸಲ ಬೇರೆ ರಸ್ತೆ ಹೇಳಿದ್ರಲ್ಲಪ್ಪಾ? ನಾನೂ ಇಂಥದ್ದೇ ತಟ್ಟೆ ತಗಂಡಿದೀನಿ. ಮರುತಾಂಬೂಲ ಕೊಡಾಣ ಅಂತ ನಿಮ್ಮನೆ ಹುಡ್ಕಿ ಹುಡ್ಕಿ ಸಾಕಾಯ್ತು. ಇವತ್ತಾದ್ರೂ ಸರ್ಯಾಗಿ ಹೇಳು, ಬರ್ಕತೀನಿ."

ದೊಡ್ಡಬಳ್ಳಾಪುರದ ಹೆಂಗಸು ಒಡ್ಡಿದ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದನ್ನು ನಾನು ಕಣ್ಣಾರೆ ಕಂಡೆ. ಅವಳ ಆಚೆಯ ಮೇಜಿನಲ್ಲೂ ಒಬ್ಬಳು ಗಂಡನ ಕೈಯಿಂದ ಕಾರ್ಡು ಕಿತ್ತುಕೊಂಡು ಬ್ಯಾಗಿಗೆ ಹಾಕಿದಳು. ಹಾಡಿನ ಸದ್ದು ಜಾಸ್ತಿ ಮಾಡಿದರು. ಬಲೂನು ಮಾತ್ರ ಒಡೆಯಲಿಲ್ಲ. "ಸೆಕ್ಯುರಿಟಿ ಕರೀಬೇಕಾಗುತ್ತೆ ಮೇಡಂ" ಅಂದ ಮ್ಯಾನೇಜರ್.

"ಕರ್ಸಪ್ಪಾ, ಅವರ್ಗೂ ಒಂದ್ ತಟ್ಟೆ ಕೊಡು" ಅಂದಳು ಅಕ್ಕ.

ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಹಾಡು ಇರಲಿಲ್ಲ, ಮ್ಯಾನೇಜರನ ದನಿಯೂ ತಗ್ಗಿತು. ಹಳೆಯ ಕಂಪನಿಗೂ ತಮಗೂ ಸಂಬಂಧವಿಲ್ಲ ಎಂದವನು, ಅಕ್ಕನ ದುಡ್ಡನ್ನು ಹೇಗಾದರೂ ಮಾಡಿ ಕೊಡಿಸುತ್ತೇನೆ ಅಂದ. ದೂರು ವಾಪಸು ತಗೊಂಡು ಒಂದು ಸಹಿ ಹಾಕಬೇಕು, ಅಷ್ಟೇ. ಸಂಬಂಧವಿಲ್ಲದವನು ದುಡ್ಡು ಹೇಗೆ ಕೊಡಿಸುತ್ತಾನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕಾಲು ತುಳಿದಳು.

"ನಂದು ಬ್ಯಾಡ. ನನ್ನ ತಮ್ಮ ಒಬ್ಬ ದೇವನಹಳ್ಳೀಲವ್ನೆ, ಅವಂದು ಕೊಡು. ಸೈನು ಗೀನು ಹಾಕಲ್ಲ. ನಂದು ಕೋರ್ಟಲ್ಲಿ ಇರ್ಲಿ."

"ಹಂಗಾಗಲ್ಲ ಮೇಡಂ."

"ಆಗ್ದಿದ್ರೆ ಬಿಡಪ್ಪ. ವಾರವಾರ ಬತ್ತೀನಿ. ನಿಮ್ಮೂಟ ಚೆನ್ನಾಗೈತೆ."

ಮುಂದಿನ ಎರಡು ಭಾನುವಾರವೂ ಹೋದೆವು. ಒಳಗೆ ಬಿಡಲಿಲ್ಲ. ಅಕ್ಕ ಹೋಟೆಲಿನ ಗೇಟಿನ ಹೊರಗೆ ರಸ್ತೆಯಲ್ಲಿ ನಿಂತು, ಕಾರಿನಿಂದ ಇಳಿಯುವ ಪ್ರತಿ ಹೆಂಗಸಿಗೂ "ತಟ್ಟೆ ತಂದ್ರೆ ಮನೆ ಎಲ್ಲಿ ಅಂತ ಕೇಳು ತಾಯಿ" ಎನ್ನುತ್ತಿದ್ದಳು. ಕೆಲವರು ಇವಳಿಗೆ ತಲೆ ಸರಿಯಿಲ್ಲ ಎಂಬಂತೆ ನೋಡಿ ಒಳಗೆ ಹೋದರು. ಕೆಲವರು ವಾಪಸು ಹೋದರು. ಹಾಗೆ ತಿರುಗಿ ಹೋಗುವ ಒಂದೊಂದು ಕಾರನ್ನು ನೋಡಿದಾಗಲೂ ನನಗೆ ಆದ ಖುಷಿ ಒಳ್ಳೆಯ ಮನುಷ್ಯನ ಖುಷಿಯಲ್ಲ. ಅವರು ಉಳಿದುಕೊಂಡರು ಎಂಬುದಕ್ಕಿಂತ ಇವರಿಗೆ ತಪ್ಪಿತು ಎಂಬುದೇ ರುಚಿಯಾಗಿತ್ತು.

ಚಿಕ್ಕಪ್ಪನ ಮಗನ ದುಡ್ಡು ಒಂದಿಷ್ಟು ಮುರಿದುಕೊಂಡು ವಾಪಸು ಬಂತು. ಅಕ್ಕನದು ಇಂದಿಗೂ ಬಂದಿಲ್ಲ.

ಅವನ ಮಗಳಿಗೆ ಗಂಡು ಗೊತ್ತಾದಾಗ ಅವನ ಹೆಂಡತಿಯೇ ಜಡಿಗೇನಹಳ್ಳಿಗೆ ಬಂದಳು. "ತಟ್ಟೆ ನೀವೇ ಹಿಡೀಬೇಕಕ್ಕ" ಅಂದಳು. ಕ್ಷಮಿಸಿ ಎನ್ನಲಿಲ್ಲ. ಅಕ್ಕ ಕಾಫಿ ಕೊಟ್ಟು, "ಆಯ್ತು ಕಣವ್ವ, ಬತ್ತೀನಿ" ಅಂದಳು. ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ನನಗೆ ಅವಳ ಮೇಲೇ ಸಿಟ್ಟು ಬಂತು.

ವೀಳ್ಯಶಾಸ್ತ್ರ ದೇವನಹಳ್ಳಿಯಲ್ಲಿ, ಹುಡುಗಿಯ ಮನೆಯಲ್ಲೇ. ಜಮಖಾನದ ಅಂಚಿನಲ್ಲಿ ಅಕ್ಕನಿಗೆ ಜಾಗ ಬಿಟ್ಟಿದ್ದರು. ಗಂಡಿನ ಕಡೆಯವರು ಎದುರಿಗೆ ಕೂತಿದ್ದರು, ಒಳ್ಳೆಯ ಜನ. ಬಾಳೆ ಎಲೆ ಹಾಕಿಯಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ರಾಹುಕಾಲ, ಬೇಗ ಬೇಗ ಎಂದು ಪುರೋಹಿತರು ಅವಸರ ಮಾಡುತ್ತಿದ್ದರು. ಚಿಕ್ಕಪ್ಪನ ಸೊಸೆ ತಟ್ಟೆ ತಂದು ಅಕ್ಕನ ಮುಂದೆ ಹಿಡಿದಳು. ಅಕ್ಕ ಕೈ ಎತ್ತಲಿಲ್ಲ. ಗಂಡಿನ ತಾಯಿಯನ್ನು ನೋಡಿ ನಗುನಗುತ್ತಾ ಕೇಳಿದಳು:

"ತಪ್ಪು ತಿಳ್ಕಬ್ಯಾಡಿ ತಾಯಿ. ನಿಮ್ಮನೆ ನಾನು ನೋಡಿಲ್ಲ."

"ಇವ್ರೆಲ್ಲ ಬಂದು ನೋಡ್ಕೊಂಡ್ ಹೋಗವ್ರಲ್ಲಕ್ಕ" ಅಂದರು ಅವರು.

"ಅವ್ರು ನೋಡವ್ರೆ. ತಟ್ಟೆ ಹಿಡಿಯೋಳು ನಾನು. ಮುಂಚೆ ಎಲ್ಲ ನೋಡ್ದೆಲೇ ಹಿಡೀತಿದ್ದೆ, ಈಗ ಬಿಟ್ಟಿದೀನಿ. ಒಂದ್ಸಲ ಹೊಸಿಲು ನೋಡ್ಕಂಡ್ ಬಂದ್ಬಿಡ್ತೀನಿ."

ಅವರ ಊರು ದೊಡ್ಡಬಳ್ಳಾಪುರದಿಂದ ಇನ್ನೂ ಮುಂದೆ. ಗಂಡಿನ ತಂದೆ, ಪುಣ್ಯಾತ್ಮ, "ಸರಿಯಾಗಿ ಹೇಳ್ತಾವ್ರೆ, ಹೋಗಿ ನೋಡ್ಲಿ" ಎಂದು ತಮ್ಮ ಕಡೆಯ ಒಬ್ಬರನ್ನು ದಾರಿ ತೋರಿಸಲು ಮುಂದೆ ಬೈಕಿನಲ್ಲಿ ಕಳಿಸಿದರು. ಚಿಕ್ಕಪ್ಪನ ಸೊಸೆ ತಟ್ಟೆ ಹಿಡಿದೇ ನಿಂತಿದ್ದಳು. ಅವಳ ಮುಖವನ್ನು ನಾನು ಪೂರ್ತಿಯಾಗಿ, ಬೇಕೆಂದೇ ನೋಡಿದೆ. ಇದೊಂದು ಮುಖ ನನಗೆ ಸರಿಯಾಗಿ ನೆನಪಿದೆ.

ಅಕ್ಕ ಕಾರಿನಲ್ಲಿ ನನ್ನ ಪಕ್ಕ ಕೂತಳು. ಹಿಂದೆ ಮನೆಯಲ್ಲಿ ಬಡಿಸಿಟ್ಟ ಪಾಯಸ ಕೆನೆ ಕಟ್ಟುತ್ತಿದ್ದಿರಬೇಕು. ಬೈಕಿನವನು ರಾಹುಕಾಲದೊಳಗೆ ಹಿಂತಿರುಗಬೇಕೆಂದು ಭರ್ರನೆ ಮುಂದೆ ಹೋದ. ನಾನೂ ಆಕ್ಸಲರೇಟರ್ ಒತ್ತಿದೆ. ಅಕ್ಕ ನನ್ನ ತೊಡೆಯ ಮೇಲೆ ತಟ್ಟಿ, ಕಿಟಕಿ ಇಳಿಸಿ, ಸೀಟಿಗೆ ಒರಗಿಕೊಂಡಳು.

"ನಿಧಾನಕ್ಕೆ ಹೋಗೋ" ಅಂದಳು. "ಅಲ್ಲೆಲ್ಲಾದ್ರೂ ಟೀ ಅಂಗ್ಡಿ ಸಿಕ್ರೆ ನಿಲ್ಸು."